ಟರ್ಕಿ ಚಿಲ್ಲಿ ಒಣಗಿದ ಹಾಗಾಗುತ್ತದೆ, ಏನು ಮಾಡಲಿ?

ಪ್ರಶ್ನೆ: ಟರ್ಕಿ ಕೋಳಿಯ ಖೀಮಾ ಹಾಕಿ ಚಿಲ್ಲಿ (ಅಮೆರಿಕದ ಖಾರದ ಮಾಂಸದ ಗೊಜ್ಜು) ಮಾಡಿದೆ. ಮಾಂಸ ಒಣಗಿ ಪುಡಿಪುಡಿ, ರುಚಿಯೇ ಇಲ್ಲ. ಎಲ್ಲಿ ತಪ್ಪಿದೆ?
– ಓದುಗರು, ಡಲ್ಲಾಸ್

ಉತ್ತರ: ಆಸ್ಟಿನ್‌ನಲ್ಲಿ ಮಗಳ ಮನೆಯಲ್ಲಿ ಮೊದಲ ಸಲ ಮಾಡಿದಾಗ ನನಗೂ ಹೀಗೇ ಆಗಿತ್ತು. ಟರ್ಕಿಯಲ್ಲಿ ಕೊಬ್ಬು ಕಡಿಮೆ, ಬೇಗ ಒಣಗುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ 2 ಚಮಚ ಎಣ್ಣೆ ಕಾಯಿಸಿ, ಅರ್ಧ ಕಿಲೋ ಖೀಮಾ ಹರಡಿ. 4 ನಿಮಿಷ ಸುಮ್ನೆ ಬಿಡಿ, ಕೈಯಾಡಿಸಬೇಡಿ. ತಳ ಕಂದು ಬಣ್ಣಕ್ಕೆ ತಿರುಗಬೇಕು, ರುಚಿ ಹುಟ್ಟುವುದೇ ಅಲ್ಲಿ. ಅದನ್ನು ತೆಗೆದಿಟ್ಟು ಅದೇ ಪಾತ್ರೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ. ಜೀರಿಗೆ ಪುಡಿ, ಬ್ಯಾಡಗಿ ಮೆಣಸಿನಪುಡಿಯನ್ನು ಎಣ್ಣೆಯಲ್ಲೇ ಅರ್ಧ ನಿಮಿಷ ಹುರಿಯಿರಿ. ಒಗ್ಗರಣೆ ನಮಗೆ ಗೊತ್ತಿರುವುದೇ, ಅಲ್ವಾ? 4 ಟೊಮೆಟೊ, ಬೆಂದ ರಾಜ್ಮಾ, 2 ಲೋಟ ನೀರು, ಖೀಮಾ ಸೇರಿಸಿ ಸಣ್ಣ ಉರಿಯಲ್ಲಿ 40 ನಿಮಿಷ ಬಿಡಿ. ರಾಜ್ಮಾವನ್ನು ರಾತ್ರಿ ನೆನೆಸಿ, ಕುಕ್ಕರಿನಲ್ಲಿ ಪೂರ್ತಿ ಬೇಯಿಸಿಯೇ ಹಾಕಿ. ಅರೆಬೆಂದದ್ದು ಹೊಟ್ಟೆ ಕೆಡಿಸುತ್ತದೆ.

ಚಿಲ್ಲಿ 1977ರಿಂದ ಟೆಕ್ಸಸ್‌ನ ಅಧಿಕೃತ ರಾಜ್ಯ ಖಾದ್ಯ. ಅಲ್ಲಿನ ಹಳೇ ಪದ್ಧತಿಯಲ್ಲಿ ಕಾಳು ಹಾಕುವುದಿಲ್ಲ. ಆದರೆ ಟರ್ಕಿಗೆ ಕಾಳು ಬೇಕೇ ಬೇಕು ಎನ್ನುತ್ತೇನೆ. ಒಂದು ಹಿಡಿ ಮಸೆದು ಹಾಕಿ, ರಸ ಮಂದವಾಗಿ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಇಳಿಸುವಾಗ ಅರ್ಧ ನಿಂಬೆ ಹಿಂಡಿ.