ಮುಂದಿನ ಸೋಮವಾರ ಎಷ್ಟು ಕೆ.ಜಿ.?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ವಯಸ್ಸು 43, ತೂಕ 74 ಕೆ.ಜಿ., ದಿನವಿಡೀ ಕುರ್ಚಿ ಕೆಲಸ. ಸಕ್ಕರೆ ಗಡಿಯಲ್ಲಿದೆ, ಬಿ.ಪಿ.ಗೆ ಮಾತ್ರೆ ನಡೆಯುತ್ತಿದೆ. ನಡಿಗೆಯ ಜೊತೆಗೆ ತೂಕ ಎತ್ತುವ ವ್ಯಾಯಾಮವನ್ನೂ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಪ್ಲೇಟ್ ಬದಲಿಸುವ ಒಂದು ಜೊತೆ ಡಂಬೆಲ್ ಇದೆ. ಎರಡು ತಿಂಗಳಿಂದ ವಿಡಿಯೋ ನೋಡುತ್ತಿದ್ದಾರೆ. “ಸ್ಕ್ವಾಟ್ ಮಾಡಿದರೆ ಮಂಡಿ ಹಾಳು ಅಂತ ಒಬ್ಬರು, ಮಾಡದಿದ್ದರೇ ಹಾಳು ಅಂತ ಇನ್ನೊಬ್ಬರು. ನನ್ನ ಮಂಡಿಯಲ್ಲಿ ಈಗಲೇ ಟಕ್ ಟಕ್ ಸದ್ದು ಬರುತ್ತೆ. ನೆಟ್‌ನಲ್ಲಿ ಯಾರನ್ನು ನಂಬಲಿ? ಪ್ರೋಟೀನ್ ಪುಡಿ ಕೊಳ್ಳಲೇಬೇಕಾ?” ಎಂದು ಕೇಳಿದ್ದಾರೆ.

ಪ್ರಿಯ ಓದುಗರೆ,

ನಿಮ್ಮ ವೈದ್ಯರ ಸಲಹೆ ಸರಿಯಾಗಿದೆ. ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಅದರ ಜೊತೆಗೆ ಎರಡು ದಿನವಾದರೂ ದೊಡ್ಡ ಸ್ನಾಯುಗಳಿಗೆಲ್ಲ ಕೆಲಸ ಕೊಡುವ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. ನಡಿಗೆಯ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಎರಡನೆಯದು ಇನ್ನೂ ಬೀಳಬೇಕಾಗಿದೆ.

ಯಾರನ್ನು ನಂಬಲಿ ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಯಾವುದೇ ಪುಟ, ವಿಡಿಯೋ ತೆರೆದಾಗ ಒಂದೇ ಪ್ರಶ್ನೆ ಕೇಳಿ: ಇದರ ಪ್ರಕಾರ ಮುಂದಿನ ಸೋಮವಾರ ನಾನು ಎಷ್ಟು ಕೆ.ಜಿ. ಎತ್ತಬೇಕು? ಉತ್ತರ ಅಲ್ಲೇ ಇರಬೇಕು. ಯಾವ ವ್ಯಾಯಾಮ, ಎಷ್ಟು ಸೆಟ್ (ನಿಲ್ಲಿಸದೆ ಮಾಡುವ ಒಂದು ಸುತ್ತು), ಸೆಟ್‌ಗೆ ಎಷ್ಟು ಸಲ, ನಡುವೆ ಎಷ್ಟು ವಿಶ್ರಾಂತಿ, ತೂಕ ಯಾವಾಗ ಏರಿಸಬೇಕು, ಏರಿಸಿ ಸೋತರೆ ಏನು ಮಾಡಬೇಕು. ಇಷ್ಟೂ ಇದ್ದರೆ ಅದು ಕಾರ್ಯಕ್ರಮ. ಕೊನೆಯ ಎರಡು ಇಲ್ಲದಿದ್ದರೆ ಬರೀ ಪ್ರದರ್ಶನ. ಸ್ನಾಯುವಿನ ಮೇಲಿನ ಹೊರೆ ಮೆಲ್ಲಮೆಲ್ಲಗೆ ಏರುತ್ತಾ ಹೋದರೆ ಮಾತ್ರ ಬಲ ಬೆಳೆಯುತ್ತದೆ. ದಿನಕ್ಕೊಂದು ಹೊಸ ವಿಡಿಯೋ ನೋಡಿ ದಿನಕ್ಕೊಂದು ಹೊಸ ವ್ಯಾಯಾಮ ಮಾಡುವವರಿಗೆ ಬೆವರು ಬರುತ್ತದೆ, ಮೈನೋವು ಬರುತ್ತದೆ, ಆದರೆ ಮೂರು ತಿಂಗಳಾದ ಮೇಲೂ ಅದೇ 5 ಕೆ.ಜಿ. ಡಂಬೆಲ್ ಕೈಯಲ್ಲಿರುತ್ತದೆ.

ಹಾಗಾಗಿ ಬರಹದಲ್ಲಿರುವ ಒಂದು ಕಾರ್ಯಕ್ರಮ ಹಿಡಿಯಿರಿ. ವಿಡಿಯೋ ಬೇಕಾಗುವುದು ಭಂಗಿ ನೋಡಿಕೊಳ್ಳಲು ಮಾತ್ರ. ಬೆಂಗಳೂರಿನ ವ್ಯಾಯಾಮ ಶಿಕ್ಷಕ ಕೆ.ವಿ. ಅಯ್ಯರ್ ಅವರು ಕಳೆದ ಶತಮಾನದ ಮೊದಲರ್ಧದಲ್ಲೇ ಅಂಚೆಯ ಮೂಲಕ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ದೂರದಲ್ಲಿ ಕೂತು ಕಲಿಯುವುದು ನಮಗೆ ಹೊಸದಲ್ಲ.

ನಿಮ್ಮ ಡಂಬೆಲ್‌ಗೆ ನಾಲ್ಕು ವ್ಯಾಯಾಮ ಸಾಕು. ಡಂಬೆಲ್ ಒಂದನ್ನು ಎದೆಗವಚಿ ಕೂತೇಳುವ ಗಾಬ್ಲೆಟ್ ಸ್ಕ್ವಾಟ್. ಸೊಂಟವನ್ನು ಹಿಂದಕ್ಕೆ ತಳ್ಳಿ ಬಾಗುವ ರೊಮೇನಿಯನ್ ಡೆಡ್‌ಲಿಫ್ಟ್. ನೆಲದ ಮೇಲೆ ಮಲಗಿ ಮೇಲಕ್ಕೆ ಒತ್ತುವ ಫ್ಲೋರ್ ಪ್ರೆಸ್. ಒಂದು ಕೈ ಮಂಚಕ್ಕೆ ಊರಿ ಇನ್ನೊಂದರಲ್ಲಿ ಎಳೆಯುವ ರೋ. ಸೋಮ, ಬುಧ, ಶುಕ್ರ. ಪ್ರತಿಯೊಂದೂ ಮೂರು ಸೆಟ್, ಸೆಟ್‌ಗೆ 8ರಿಂದ 12 ಸಲ, ನಡುವೆ ಎರಡು ನಿಮಿಷ ವಿಶ್ರಾಂತಿ. ‘ಇನ್ನು ಎರಡು ಸಲ ಆಗುತ್ತಿತ್ತು’ ಅನ್ನಿಸುವಾಗಲೇ ಸೆಟ್ ನಿಲ್ಲಿಸಿ. ಮೂರೂ ಸೆಟ್‌ನಲ್ಲಿ 12 ಮುಟ್ಟಿದ ದಿನ, ಮುಂದಿನ ಸಲಕ್ಕೆ 2.5 ಕೆ.ಜಿ. ಏರಿಸಿ. ಏರಿಸಿದ ಮೇಲೆ 8 ಕೂಡ ಆಗುತ್ತಿಲ್ಲವೇ? ಹಳೆಯ ತೂಕಕ್ಕೆ ಮರಳಿ ಇನ್ನೆರಡು ವಾರ ಮಾಡಿ. ನೋಟ್‌ಬುಕ್ಕಿನಲ್ಲಿ ಒಂದು ಸಾಲು: ‘ಸೋಮವಾರ, ಸ್ಕ್ವಾಟ್, 10 ಕೆ.ಜಿ., 12-11-9.’ ಬುಧವಾರ ಏನು ಮಾಡಬೇಕೆಂದು ಆ ಸಾಲೇ ಹೇಳುತ್ತದೆ: ಅದೇ 10 ಕೆ.ಜಿ., 9 ಇದ್ದದ್ದು 10 ಆಗಬೇಕು.

ಮನೆಯ ಡಂಬೆಲ್‌ನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಸ್ಕ್ವಾಟ್‌ನಲ್ಲಿ 20ರಿಂದ 22.5ಕ್ಕೆ ಹೋದರೆ ಏರಿಕೆ ಶೇ 12.5 ಮಾತ್ರ. ಫ್ಲೋರ್ ಪ್ರೆಸ್‌ನಲ್ಲಿ 5ರಿಂದ 7.5ಕ್ಕೆ ಹೋದರೆ ಶೇ 50. ‘ನನ್ನ ಕೈಯಲ್ಲಿ ಬಲವೇ ಇಲ್ಲ’ ಎಂದು ಕೈಬಿಡುವವರು ಬಹುತೇಕ ಇಲ್ಲೇ ಬಿಡುತ್ತಾರೆ. ತಪ್ಪು ಕೈಯದಲ್ಲ, ಲೆಕ್ಕದ್ದು. ಹಗುರ ತೂಕಗಳಲ್ಲಿ 12ಕ್ಕೆ ನಿಲ್ಲದೆ 15ರವರೆಗೆ ಹೋಗಿ, ಇಳಿಸುವಾಗ ಮೂರು ಎಣಿಸಿ, ಆಮೇಲೆ ಏರಿಸಿ.

ಮುಂದೆ ಜಿಮ್‌ಗೆ ಹೋದರೂ ಇಂಥದ್ದೇ ತೊಡಕು ಎದುರಾಗುತ್ತದೆ. ಅಮೆರಿಕದ ಕಾರ್ಯಕ್ರಮಗಳು ‘ಪ್ರತಿ ಸಲ 5 ಪೌಂಡ್ ಏರಿಸಿ’ ಎನ್ನುತ್ತವೆ, ಅಂದರೆ ಸುಮಾರು 2.25 ಕೆ.ಜಿ. ನಮ್ಮ ಊರಿನ ಎಷ್ಟೋ ಜಿಮ್‌ಗಳಲ್ಲಿ ಇರುವ ಅತಿ ಚಿಕ್ಕ ಪ್ಲೇಟ್ 2.5 ಕೆ.ಜಿ.ಯದು. ರಾಡ್‌ನ ಎರಡೂ ಬದಿಗೆ ಒಂದೊಂದು ಹಾಕಿದರೆ ಒಮ್ಮೆಗೇ 5 ಕೆ.ಜಿ. ಏರಿತು. 1.25ರ ಒಂದು ಜೊತೆ ಕೊಂಡು ಚೀಲದಲ್ಲಿಟ್ಟುಕೊಳ್ಳಿ. ರಾಡ್ ಕೂಡ ಎಲ್ಲ ಕಡೆ 20 ಕೆ.ಜಿ. ಇರುವುದಿಲ್ಲ, ಒಮ್ಮೆ ತೂಕದ ಯಂತ್ರದ ಮೇಲೆ ಹಿಡಿದು ನಿಂತು, ನಿಮ್ಮ ತೂಕ ಕಳೆದು ನೋಡಿ.

ಇನ್ನು ಮಂಡಿ. ನೋವು, ಊತ ಇಲ್ಲದ ಬರೀ ಟಕ್ ಟಕ್ ಸದ್ದಿಗೆ ಹೆದರಬೇಕಾಗಿಲ್ಲ. ಮಂಡಿ ಊದಿಕೊಂಡರೆ, ಸಿಕ್ಕಿಕೊಂಡರೆ, ಮೆಟ್ಟಿಲಿಳಿಯುವಾಗ ಕುಸಿದರೆ ವೈದ್ಯರಿಗೆ ತೋರಿಸಿ. ಸ್ಕ್ವಾಟ್ ಕಲಿಯಲು ಹಿಂದೊಂದು ಕುರ್ಚಿ ಇಟ್ಟು, ಅದನ್ನು ಮೆತ್ತಗೆ ಮುಟ್ಟಿ ಏಳಿ. ಮೊಬೈಲನ್ನು ಮೂರು ಮೀಟರ್ ದೂರದಲ್ಲಿ, ಸೊಂಟದ ಎತ್ತರದಲ್ಲಿ, ನೇರ ಪಕ್ಕಕ್ಕಲ್ಲದೆ ಸ್ವಲ್ಪ ಓರೆಯಾಗಿ ಇಟ್ಟು ಚಿತ್ರಿಸಿ. ಮೊದಲ ಸೆಟ್ ಅಲ್ಲ, ಕೊನೆಯ ಸೆಟ್ ಚಿತ್ರಿಸಿ. ದೇಹ ದಣಿದಾಗಲೇ ತಪ್ಪು ಹೊರಬೀಳುವುದು. ನೋಡಬೇಕಾದದ್ದು ಎರಡು. ಹಿಮ್ಮಡಿ ನೆಲ ಬಿಡುತ್ತಿದೆಯೇ? ಬಿಟ್ಟರೆ ಪಾದಗಳನ್ನು ತುಸು ಅಗಲಿಸಿ, ಬೆರಳುಗಳನ್ನು ಹೊರಕ್ಕೆ ತಿರುಗಿಸಿ. ಏಳುವಾಗ ಮಂಡಿಗಳು ಒಳಕ್ಕೆ ವಾಲುತ್ತಿವೆಯೇ? ವಾಲಿದರೆ ತೂಕ ಹೆಚ್ಚಾಗಿದೆ, ಇಳಿಸಿ. ಡೆಡ್‌ಲಿಫ್ಟ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಬೆನ್ನು ಬಗ್ಗಿಸುವುದು. ಗೋಡೆಗೆ ಬೆನ್ನು ಮಾಡಿ ಒಂದು ಪಾದದಷ್ಟು ಮುಂದೆ ನಿಲ್ಲಿ, ಬೆನ್ನು ನೆಟ್ಟಗೇ ಇಟ್ಟು ಪೃಷ್ಠದಿಂದ ಗೋಡೆ ಮುಟ್ಟಿ. ಡಂಬೆಲ್ ತೊಡೆಗೆ ತಾಗಿಕೊಂಡೇ ಮಂಡಿಯ ಕೆಳಕ್ಕೆ ಜಾರಬೇಕು, ಗಾಳಿಯಲ್ಲಿ ಮುಂದಕ್ಕೆ ತೂಗಾಡಬಾರದು.

ಬಿ.ಪಿ. ಇರುವವರು ಉಸಿರು ಬಿಗಿಹಿಡಿದು ಎತ್ತಬಾರದು, ಆ ಕ್ಷಣಕ್ಕೆ ಒತ್ತಡ ಬಹಳ ಏರುತ್ತದೆ. ಇಳಿಸುವಾಗ ಒಳಕ್ಕೆ, ಎತ್ತುವಾಗ ಹೊರಕ್ಕೆ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ‘ಮೊದಲ ದಿನವೇ 100 ಬಸ್ಕಿ’ ಎಂಬ ಸವಾಲಿನ ವಿಡಿಯೋಗಳನ್ನು ದಯವಿಟ್ಟು ಮುಟ್ಟಬೇಡಿ. ರೂಢಿಯಿಲ್ಲದ ಸ್ನಾಯು ಅತಿಯಾಗಿ ದಣಿದರೆ ಅದರ ಕಣಗಳು ಒಡೆದು, ಒಳಗಿನ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ವ್ಯಾಯಾಮದ ಮರುದಿನ, ಅದರ ಮರುದಿನ ಮೈನೋವು ಸಹಜ. ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಈಗ ತಾಣಗಳು. ಭಂಗಿಗೆ ಎಕ್ಸ್‌ಆರ್‌ಎಕ್ಸ್ ಡಾಟ್ ನೆಟ್ ನೋಡಿ. ಸ್ನಾಯುವಾರು ವಿಂಗಡಿಸಿದ ವ್ಯಾಯಾಮಗಳ ಕೋಶ ಅದು. ಹೇಗೆ ನಿಲ್ಲಬೇಕು, ಹೇಗೆ ಮಾಡಬೇಕು, ಯಾವ ಸ್ನಾಯು ದುಡಿಯುತ್ತದೆ ಎಂಬುದು ಚುಟುಕಾಗಿ ಸಿಗುತ್ತದೆ. ‘ಯಾಕೆ’ ಎಂದು ತಿಳಿಯುವ ಆಸೆಯಿದ್ದರೆ ಸ್ಟ್ರಾಂಗರ್ ಬೈ ಸೈನ್ಸ್ ತಾಣದ ಲೇಖನಗಳು. ಉದ್ದವಾಗಿವೆ, ಆದರೆ ಆಧಾರವಿಲ್ಲದೆ ಮಾತಾಡುವುದಿಲ್ಲ. ಊರಿಗೆ ಹೋದಾಗ ಡಂಬೆಲ್ ಇಲ್ಲವೆಂದಾದರೆ ರೆಡ್ಡಿಟ್ ಎಂಬ ಚರ್ಚಾತಾಣದ ಬಾಡಿವೇಟ್ ಫಿಟ್‌ನೆಸ್ (ದೇಹದ ತೂಕದಲ್ಲೇ ವ್ಯಾಯಾಮ) ಬಳಗ ಬರೆದಿಟ್ಟ ‘ರೆಕಮೆಂಡೆಡ್ ರೂಟೀನ್’ ಇದೆ: ವಾರಕ್ಕೆ ಮೂರು ದಿನ, ಮೂರು ಸೆಟ್, 5ರಿಂದ 8 ಸಲ, ನಡುವೆ 90 ಸೆಕೆಂಡ್. 8 ಮುಟ್ಟಿದ ಮೇಲೆ ಯಾವ ಕಠಿಣ ರೂಪಕ್ಕೆ ಹೋಗಬೇಕೆಂದೂ ಅಲ್ಲಿದೆ, ಹಾಗಾಗಿ ನಮ್ಮ ಸೋಮವಾರದ ಪ್ರಶ್ನೆಯಲ್ಲಿ ಅದು ಪಾಸು. ಕನ್ನಡದಲ್ಲಿ ಭಂಗಿ ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ, ತೂಕ ಏರಿಸುವ ಲೆಕ್ಕ ಬರೆದಿಟ್ಟವರು ಕಡಿಮೆ. ಈ ಕೊರತೆ ನಮಗೂ ನೋವಿನದು. ಹುಡುಕುವಾಗ ‘ಬೆನ್ನುನೋವಿಗೆ ವ್ಯಾಯಾಮ’ ಎಂದು ಬಾಯಿಗೆ ಬಂದದ್ದನ್ನು ಹಾಕಬೇಡಿ, ಆ ವ್ಯಾಯಾಮದ ಹೆಸರನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ.

ಪುಡಿಗಳ ಬಗ್ಗೆ ಎಕ್ಸಾಮಿನ್ ಡಾಟ್ ಕಾಮ್ ನೋಡಬಹುದು, ಅವರು ಪುಡಿ ಮಾರುವವರಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ ಕೆ.ಜಿ. ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್, ನಿಮಗೆ 61 ಗ್ರಾಂ. ತೂಕ ಎತ್ತುವವರ ಮೇಲಿನ 49 ಪ್ರಯೋಗಗಳನ್ನು ಒಟ್ಟುಗೂಡಿಸಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಕೆ.ಜಿ. ದೇಹತೂಕಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ನೀವು 80ರಿಂದ 90 ಗ್ರಾಂ ಗುರಿ ಇಟ್ಟುಕೊಳ್ಳಿ. ಎರಡು ಮೊಟ್ಟೆ 12, ಅರ್ಧ ಲೀಟರ್ ಹಾಲು-ಮೊಸರು 16, ಬೇಯಿಸುವ ಮುನ್ನ ತೂಗಿದ 60 ಗ್ರಾಂ ತೊಗರಿಬೇಳೆ ಇಲ್ಲವೇ ಹುರುಳಿ 13, 30 ಗ್ರಾಂ ಸೋಯಾ ಚಂಕ್ಸ್ 15, ಒಂದು ಹಿಡಿ ಕಡಲೆಕಾಯಿ ಬೀಜ 7, ಮುದ್ದೆ-ಅನ್ನ-ಚಪಾತಿಯಿಂದ 20. ಪುಡಿ ಇಲ್ಲದೆ 83 ಆಯಿತು. ಸಕ್ಕರೆ, ಬಿ.ಪಿ. ಎರಡೂ ಇರುವುದರಿಂದ, ಹೆಚ್ಚಿಸುವ ಮೊದಲು ಮೂತ್ರಪಿಂಡದ ಪರೀಕ್ಷೆಯ ಫಲಿತಾಂಶವನ್ನು ವೈದ್ಯರ ಜೊತೆ ಮಾತಾಡಿ. ಪುಡಿ ಕೊಂಡೇ ತೀರುತ್ತೇನೆ ಎಂದರೆ ಡಬ್ಬಿಯ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆಯನ್ನು ಅದರದೇ ಫಾಸ್‌ಕಾಸ್ ತಾಣದಲ್ಲಿ ಹಾಕಿ, ಬರುವ ಹೆಸರೂ ಡಬ್ಬಿಯ ಮೇಲಿನ ಹೆಸರೂ ಒಂದೇಯೇ ಎಂದು ನೋಡಿ. ಬಲ ಹೆಚ್ಚಿಸಲೆಂದು ಮಾರುವ ಕ್ರಿಯೇಟಿನ್ ಪುಡಿ ತೆಗೆದುಕೊಳ್ಳುವುದಾದರೆ ವೈದ್ಯರಿಗೆ ಮೊದಲೇ ಹೇಳಿ. ಅದರಿಂದ ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡದ ಸ್ಥಿತಿ ತಿಳಿಯಲು ಅಳೆಯುವ ಕ್ರಿಯಾಟಿನಿನ್ ಹೆಚ್ಚು ತೋರಿಸಿ ಸುಮ್ಮನೆ ಗಾಬರಿಯಾಗಬಹುದು.

ಈ ಸೋಮವಾರಕ್ಕೆ: ಸ್ಕ್ವಾಟ್‌ಗೆ 7.5 ಕೆ.ಜಿ.ಯ ಒಂದು ಡಂಬೆಲ್, ಡೆಡ್‌ಲಿಫ್ಟ್‌ಗೆ 7.5ರ ಎರಡು, ಫ್ಲೋರ್ ಪ್ರೆಸ್‌ಗೆ 5ರ ಎರಡು, ರೋ ವ್ಯಾಯಾಮಕ್ಕೆ 7.5. ಮೊದಲ ವಾರ ಎಲ್ಲವೂ ಎರಡೇ ಸೆಟ್, ಎಂಟೇ ಸಲ. ಹಗುರ ಅನ್ನಿಸುತ್ತದೆ, ಅನ್ನಿಸಲಿ. ಎರಡನೆಯ ವಾರ ಮೂರನೆಯ ಸೆಟ್ ಸೇರಿಸಿ. ಡಂಬೆಲ್‌ನ ತುದಿಯ ತಿರುಪು ಬಿಗಿಯಾಗಿದೆಯೇ ಎಂದು ಪ್ರತಿ ಸೆಟ್‌ಗೂ ಮುಂಚೆ ಕೈಯಾಡಿಸಿ ನೋಡಿ.

— ಸಂಪಾದಕ