ಉಡುಪಿಯ ಹಿತ್ತಿಲಿನ ಪಿಜ್ಜಾ ಒಲೆಗೆ ಕೆಂಪುಕಲ್ಲು ಆಗುತ್ತದೆಯೇ?

ಮನೆ ಕಟ್ಟಿ ಉಳಿದ ಕೆಂಪುಕಲ್ಲಿನಿಂದಲೇ ಸೌದೆಯ ಪಿಜ್ಜಾ ಒಲೆ ಕಟ್ಟಬಹುದೇ ಎಂದು ಕೇಳಿದ್ದೀರಿ. ಕೆಳಗಿನ ಕಟ್ಟೆಗೆ ಧಾರಾಳವಾಗಿ ಬಳಸಿ, ಬೆಂಕಿ ತಾಗುವ ಒಳಮೈಗೆ ಬೇಡ. ಕರಾವಳಿಯ ಈ ಕಲ್ಲು ರಂಧ್ರಮಯವಾದ್ದರಿಂದ ಮಳೆಗಾಲದ ನೀರನ್ನು ಹೀರಿಟ್ಟುಕೊಳ್ಳುತ್ತದೆ. ಪಿಜ್ಜಾ ಬೇಯಿಸಲು ಒಲೆಯ ನೆಲ 400 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕಾಗುವುದರಿಂದ, ಆ ತೇವವು ಆವಿಯಾಗಿ ಕಲ್ಲನ್ನು ಬಿರಿಯುವಂತೆ ಮಾಡಬಲ್ಲದು. ನೆಲಕ್ಕೂ ಗುಮ್ಮಟಕ್ಕೂ ಫೈರ್ ಬ್ರಿಕ್ (ಹೆಚ್ಚು ಶಾಖ ತಾಳುವ ಇಟ್ಟಿಗೆ) ಬಳಸಿ. ಗಾರೆಗೂ ಬರೀ ಸಿಮೆಂಟು ಸಲ್ಲದು, ಶಾಖಕ್ಕೆ ಅದು ಪುಡಿಯಾಗುತ್ತದೆ. ಫೈರ್ ಕ್ಲೇ (ಶಾಖ ತಾಳುವ ಜೇಡಿಮಣ್ಣು) ಬೆರೆಸಿದ ಶಾಖನಿರೋಧಕ ಗಾರೆ ಬೇಕು.

ಹವ್ಯಾಸಿಗಳು ಹೆಚ್ಚಾಗಿ ಎಡವುವುದು ಅಳತೆಯಲ್ಲಿ. ಬಾಗಿಲಿನ ಎತ್ತರವು ಗುಮ್ಮಟದ ಒಳ ಎತ್ತರದ ಸುಮಾರು ಶೇ. 63 ಇರಬೇಕು, ಅಂದರೆ ಗುಮ್ಮಟ 20 ಇಂಚಾದರೆ ಬಾಗಿಲು ಹನ್ನೆರಡೂವರೆ ಇಂಚು. ಚಿಮಣಿಯನ್ನು ಗುಮ್ಮಟದ ನೆತ್ತಿಯಲ್ಲಿಟ್ಟರೆ ಬಿಸಿಯೆಲ್ಲ ನೇರವಾಗಿ ಮೇಲಕ್ಕೆ ಹೋಗಿಬಿಡುತ್ತದೆ. ಅದರ ಜಾಗ ಬಾಗಿಲಿನ ಹೊರಮಗ್ಗುಲು. ಬಿಸಿ ಸೋರದಂತೆ ನೆಲದ ಇಟ್ಟಿಗೆಯ ಅಡಿಯಲ್ಲಿ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜ ಬೆರೆಸಿದ ಕಾಂಕ್ರೀಟು, ಗುಮ್ಮಟದ ಮೇಲೆ ಸೆರಾಮಿಕ್ ಫೈಬರ್ ಹೊದಿಕೆ ಹಾಕಿ (ಕತ್ತರಿಸುವಾಗ ಮಾಸ್ಕ್ ತೊಡಿ).

ಕಟ್ಟಿದ ದಿನವೇ ದೊಡ್ಡ ಬೆಂಕಿ ಹಾಕಬಾರದು. ಕೆಲವು ದಿನ ಒಣಗಲು ಬಿಟ್ಟು, ಬಳಿಕ ಒಂದು ವಾರ ಸಣ್ಣ ಉರಿಯಿಂದ ಆರಂಭಿಸಿ ದಿನದಿನಕ್ಕೆ ಏರಿಸುತ್ತ ಹೋಗಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಒಲೆಗೆ ಹಂಚಿನ ಮಾಡು ಇರಲೇಬೇಕು, ಆದರೆ ಅದರ ಮರದ ಪಕ್ಕಾಸುಗಳು ಚಿಮಣಿಯಿಂದ ದೂರವಿರಲಿ.