ಮನೆ ಬಳಕೆಗೆ ಕಬ್ಬಿಣ, ಟೈಲ್ಸ್ ಕತ್ತರಿಸುವ, ಉಜ್ಜುವ ಕಡಿಮೆ ಬೆಲೆಯ ಆಂಗಲ್ ಗ್ರೈಂಡರ್: ಯಾವುದು ತಗೊಳ್ಳಲಿ?

ಪ್ರಶ್ನೆ: ಸರ್, ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಸ್ವಂತ ಮನೆ ಇದೆ. ಗೇಟು, ಕಿಟಕಿ ಗ್ರಿಲ್ ತುಕ್ಕು ಹಿಡಿದಿವೆ. ತಾರಸಿ ಮೇಲೆ ಕಂಬಿ ತುದಿಗಳು ಹಾಗೇ ನಿಂತಿವೆ. ಬಚ್ಚಲಿಗೆ ನಾಲ್ಕಾರು ಟೈಲ್ಸ್ ಕತ್ತರಿಸಬೇಕು. ಇಂಥ ಸಣ್ಣ ಕೆಲಸಕ್ಕೆ ಜನ ಸಿಗೋದಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಬೇಕಾಗಬಹುದು. ಆನ್‌ಲೈನ್‌ನಲ್ಲಿ 1,200 ರೂಪಾಯಿಗೂ ಆಂಗಲ್ ಗ್ರೈಂಡರ್ ಇದೆ. ಅಂಗಡಿಯಲ್ಲಿ 2,500 ಹೇಳ್ತಾರೆ. ಆದರೆ ಅಗ್ಗದ್ದರ ಡಬ್ಬಿ ಮೇಲೇ ವಾಟ್ ಜಾಸ್ತಿ ಇದೆ. ಯಾವುದು ತಗೊಳ್ಳಲಿ?

ಉತ್ತರ: 4 ಇಂಚಿನ ಡಿಸ್ಕ್ ಕೂರುವ, 650 ವಾಟ್ ಆಸುಪಾಸಿನ ಮಷಿನ್ ತಗೊಳ್ಳಿ. ಅಂಗಡಿಯಲ್ಲಿ 'ಎಜಿ ಫೋರ್' ಅಂತ ಕೇಳಿದರೆ ಇದನ್ನೇ ಕೊಡುತ್ತಾರೆ. ನೀವು ಹೇಳಿದ ಅಷ್ಟೂ ಕೆಲಸ ಇದರಲ್ಲಿ ಆಗುತ್ತದೆ. 5 ಇಂಚಿನದು, 7 ಇಂಚಿನದು ನಿಮಗೆ ಬೇಡ. ಅವು ತೂಕ ಜಾಸ್ತಿ, ಕೈಯಲ್ಲಿ ಹಿಡಿತ ತಪ್ಪಿದರೆ ಪೆಟ್ಟೂ ಜಾಸ್ತಿ.

ಡಬ್ಬಿ ಮೇಲಿನ ವಾಟ್ ನೋಡಿ ಮರುಳಾಗಬೇಡಿ. 850, 1,000 ಅಂತ ಅಚ್ಚು ಹಾಕೋದಕ್ಕೆ ಖರ್ಚಿಲ್ಲ. ಒಳಗಿನ ತಾಮ್ರದ ಸುತ್ತು, ಬೇರಿಂಗ್, ಗೇರ್ ಚೆನ್ನಾಗಿ ಮಾಡೋದಕ್ಕೆ ಖರ್ಚಿದೆ. ಒಳ್ಳೆ 660 ವಾಟ್ ಮಷಿನ್ ಹೆಸರಿಲ್ಲದ 'ಸಾವಿರ ವಾಟ್' ಮಷಿನ್‌ಗಿಂತ ಹೆಚ್ಚು ಬಾಳುತ್ತದೆ. ಬಾಷ್ ಜಿಡಬ್ಲ್ಯೂಎಸ್ 600 ಈ 660 ವಾಟ್ ವರ್ಗದ್ದು. ವೆಲ್ಡಿಂಗ್ ಶಾಪ್‌ಗಳಲ್ಲಿ ನೋಡಿರುತ್ತೀರಿ. ಅದನ್ನೇ ತಗೊಳ್ಳಿ ಅಂತ ಹೇಳುತ್ತಿಲ್ಲ. ನಿಮ್ಮೂರಲ್ಲಿ ಬಿಡಿಭಾಗ ಸಿಗುವ ಯಾವುದಾದರೂ ಕಂಪನಿಯದ್ದು ಇರಲಿ ಅನ್ನೋದೇ ನನ್ನ ಮಾತು. ಈ ಮಷಿನ್‌ನಲ್ಲಿ ಮೊದಲು ಸವೆಯೋದು ಕಾರ್ಬನ್, ಅಂದರೆ ತಿರುಗುವ ಮೋಟಾರ್‌ಗೆ ಕರೆಂಟ್ ಮುಟ್ಟಿಸುವ ಸಣ್ಣ ಇಂಗಾಲದ ತುಂಡು. ಆಮೇಲೆ ಬೇರಿಂಗ್, ಅದಾದ ಮೇಲೆ ಆರ್ಮೇಚರ್, ಅಂದರೆ ಮೋಟಾರ್ ಒಳಗೆ ತಿರುಗುವ ತಾಮ್ರದ ಸುತ್ತು. ಪಿ.ಬಿ. ರಸ್ತೆಯಲ್ಲೋ ಮಂಡಿಪೇಟೆಯಲ್ಲೋ ಕೊಳ್ಳುವಾಗಲೇ 'ಇದರ ಕಾರ್ಬನ್ ಜೋಡಿ ಕೊಡಿ' ಅಂತ ಕೇಳಿ. ಅಂಗಡಿಯವರು ತಡವರಿಸಿದರೆ ಆ ಮಷಿನ್ ಬಿಡಿ. ಕಾರ್ಬನ್ ಸಿಗದ 1,200 ರೂಪಾಯಿ ಮಷಿನ್ ಎರಡನೇ ವರ್ಷಕ್ಕೆ ಗುಜರಿ ಸೇರುತ್ತದೆ.

ಅಂಗಡಿಯಲ್ಲೇ ಡಿಸ್ಕ್ ಹಾಕದೆ ಒಂದು ನಿಮಿಷ ಓಡಿಸಿ ನೋಡಿ. ಶಬ್ದ ಒಂದೇ ಸಮ ಇರಬೇಕು, ಕೊರ ಕೊರ ಅನ್ನಬಾರದು. ಗಾಳಿ ಬರುವ ಕಿಂಡಿಯಲ್ಲಿ ಕಾರ್ಬನ್ ಹತ್ತಿರ ಸಣ್ಣ ನೀಲಿ ಕಿಡಿ ಕಂಡರೆ ಸಹಜ, ಉರಿ ಹಾಗೆ ಸುತ್ತಲೂ ಕಂಡರೆ ಬೇಡ. ಆಫ್ ಮಾಡಿ, ಪ್ಲಗ್ ಕಿತ್ತು, ಡಿಸ್ಕ್ ಕೂರುವ ತಿರುಪನ್ನು ಕೈಯಲ್ಲಿ ಅಲ್ಲಾಡಿಸಿ. ಅಡ್ಡಕ್ಕೆ ಆಡಬಾರದು. ಮುಂದಿನ ಗೇರ್ ಭಾಗದ ಕವಚ ಲೋಹದ್ದಾಗಿರಬೇಕು. ಹರಿಹರದ ಲೇತ್ ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಿಮ್ಮ ಬೀದಿಯಲ್ಲಿ ಯಾರಾದರೂ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಬೇರಿಂಗ್ ಶಬ್ದ ಕೇಳಿಯೇ ಅವರು ಹೇಳಿಬಿಡುತ್ತಾರೆ.

ಇನ್ನು ಸ್ವಿಚ್. ಇದನ್ನು ಯಾರೂ ವಿಚಾರಿಸೋದಿಲ್ಲ, ನನಗೆ ಇದೇ ದೊಡ್ಡ ಚಿಂತೆ. ಕಡಿಮೆ ಬೆಲೆಯ ಹೆಚ್ಚಿನ ಮಷಿನ್‌ಗಳಲ್ಲಿ ಮುಂದಕ್ಕೆ ತಳ್ಳಿದರೆ ಅಲ್ಲೇ ಕೂರುವ ಸ್ವಿಚ್ ಇರುತ್ತದೆ. ಕೆಲಸದ ನಡುವೆ ಕರೆಂಟ್ ಹೋಯಿತು ಅಂದುಕೊಳ್ಳಿ. ನೀವು ಮಷಿನ್ ಕೆಳಗಿಟ್ಟು ಒಳಗೆ ಹೋಗುತ್ತೀರಿ. ಕರೆಂಟ್ ಬಂದಾಗ ಅದು ತಾನೇ ತಿರುಗಲು ಶುರು ಮಾಡಿ ನೆಲದ ಮೇಲೆ ಓಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಏನು ಗತಿ? ಒತ್ತಿ ಹಿಡಿದರೆ ಮಾತ್ರ ಓಡುವ, ಕೈ ಬಿಟ್ಟರೆ ನಿಲ್ಲುವ ಪ್ಯಾಡಲ್ ಸ್ವಿಚ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೊಳ್ಳಿ. ಸಿಗದಿದ್ದರೆ ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ.

ಮಷಿನ್ ಮೇಲಿನ ಗಾರ್ಡ್, ಅಂದರೆ ಡಿಸ್ಕ್ ಅರ್ಧ ಮುಚ್ಚುವ ಕವಚ, ಯಾವ ಕಾರಣಕ್ಕೂ ಬಿಚ್ಚಬೇಡಿ. ನಮ್ಮಲ್ಲಿ ಎಷ್ಟೋ ಕಡೆ ಅದನ್ನು ಮೊದಲ ದಿನವೇ ತೆಗೆದು ಎಸೆಯುತ್ತಾರೆ. 4 ಇಂಚಿನ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಡಿಸ್ಕ್ ಒಡೆದರೆ ಚೂರು ಅದೇ ವೇಗದಲ್ಲಿ ಬರುತ್ತದೆ. ಅದಕ್ಕೇ ದೊಡ್ಡ ಡಿಸ್ಕ್ ಹಾಕಲು ಗಾರ್ಡ್ ತೆಗೆಯೋದು ಬೇಡವೇ ಬೇಡ. 7 ಇಂಚಿನ ಡಿಸ್ಕ್ ಮೇಲೆ ನಿಮಿಷಕ್ಕೆ 8,500 ಸುತ್ತಿನ ಆಸುಪಾಸು ಮಿತಿ ಬರೆದಿರುತ್ತದೆ. ಅದನ್ನು 11,000ಕ್ಕೆ ಓಡಿಸಿದರೆ ಸಿಡಿಯಬಹುದು.

ಡಿಸ್ಕ್ ಕೊಳ್ಳುವಾಗ ನಡುವಿನ ತೂತು 16 ಮಿ.ಮೀ. ಇರಲಿ. 5 ಇಂಚಿನದಕ್ಕೆ ತೂತು 22 ಮಿ.ಮೀ. ಇರುತ್ತದೆ, ಅದು ಕೂರುವುದಿಲ್ಲ. ಕಂಬಿ, ಪೈಪ್ ಕತ್ತರಿಸಲು 1 ಮಿ.ಮೀ. ದಪ್ಪದ ಕಟಿಂಗ್ ವೀಲ್ ಸಾಕು. ಅದರ ಪಕ್ಕದಿಂದ ಉಜ್ಜಬೇಡಿ, ತೆಳು ವೀಲ್ ಅಡ್ಡ ಒತ್ತಡಕ್ಕೆ ಮುರಿಯುತ್ತದೆ. ಉಜ್ಜಲು 6 ಮಿ.ಮೀ. ಗ್ರೈಂಡಿಂಗ್ ವೀಲ್ ಅಥವಾ ಉಪ್ಪುಕಾಗದದ ಪಟ್ಟಿಗಳಿರುವ ಫ್ಲ್ಯಾಪ್ ಡಿಸ್ಕ್ ಬೇರೆ ಇದೆ. ಟೈಲ್ಸ್‌ಗೆ ಡೈಮಂಡ್ ಬ್ಲೇಡ್. ಕಟಿಂಗ್ ವೀಲ್‌ನ ನಡುವಿನ ಲೋಹದ ಬಳೆ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ಅವಧಿ ಮುಗಿಯುವ ದಿನಾಂಕ. ಸಾಮಾನ್ಯವಾಗಿ ತಯಾರಾಗಿ 3 ವರ್ಷ. ಒಳಗಿನ ಅಂಟು ತೇವಕ್ಕೆ ಸಡಿಲವಾಗುತ್ತದೆ, ಹಾಗಾಗಿ ಬಚ್ಚಲ ಪಕ್ಕದ ಕಪಾಟಿನಲ್ಲಿ ಇಡಬೇಡಿ. ಹೊಸ ವೀಲ್ ಹಾಕಿದ ಮೇಲೆ ಪಕ್ಕಕ್ಕೆ ನಿಂತು ಅರ್ಧ ನಿಮಿಷ ಖಾಲಿ ಓಡಿಸಿ, ಆಮೇಲೆ ಕೆಲಸ.

ಉಳಿಸಿದ ದುಡ್ಡಲ್ಲಿ ಒಳ್ಳೆ ಕನ್ನಡಕ ತಗೊಳ್ಳಿ, ಪಕ್ಕದಿಂದಲೂ ಮುಚ್ಚುವಂಥದ್ದು. ನೀವು ಹಾಕುವ ನಂಬರ್ ಕನ್ನಡಕ ಇದಕ್ಕೆ ಸಾಲದು. ಲುಂಗಿ, ಹೆಗಲ ಟವೆಲ್ ಬೇಡ. ಚಪ್ಪಲಿ ಬೇಡ, ಶೂ ಹಾಕಿ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಗೇಟಿನ ತುಕ್ಕಿಗೆ ತಂತಿಯ ಕಪ್ ಬ್ರಷ್ ಹಾಕಿ. ಅದರ ತಂತಿಗಳು ಸೂಜಿ ಹಾಗೆ ಹಾರುತ್ತವೆ, ಮುಖಕ್ಕೆ ಪೂರ್ತಿ ಶೀಲ್ಡ್ ಇದ್ದರೆ ವಾಸಿ. ಹಳೇ ಬಣ್ಣ ಇದ್ದರೆ ಎನ್‌95 ಮಾಸ್ಕ್ ಕಡ್ಡಾಯ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾಗಿದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಆ ಧೂಳು ಮಕ್ಕಳಿಗೆ ವಿಷ. ಉಜ್ಜಿದ ದಿನವೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹೊಡೆಯಿರಿ. ಗ್ರಿಲ್ ಮೂಲೆಗಳಿಗೆ ಮಷಿನ್ ಹೋಗದು, ಅಲ್ಲಿ ಉಪ್ಪುಕಾಗದವೇ ಗತಿ.

ತಾರಸಿ ಕಂಬಿ ಕತ್ತರಿಸುವ ಮುಂಚೆ ಒಂದು ಮಾತು. ಮುಂದೆ ಮೇಲೊಂದು ಮನೆ ಕಟ್ಟುವ ಯೋಚನೆ ಇದೆಯಾ? ಇದ್ದರೆ ಕತ್ತರಿಸಬೇಡಿ, ತುಕ್ಕು ಉಜ್ಜಿ ಸಿಮೆಂಟ್ ಹಾಲು ಬಳಿದು ಬಿಡಿ. ಪಿಲ್ಲರ್ ಏರಿಸುವಾಗ ಆ ಉದ್ದ ಬೇಕೇ ಬೇಕು.

ಕತ್ತರಿಸುವಾಗ ಜೋರಾಗಿ ಒತ್ತಬೇಡಿ. ಒತ್ತಿದಷ್ಟೂ ಮೋಟಾರ್ ನಿಧಾನ ಆಗಿ, ಕರೆಂಟ್ ಜಾಸ್ತಿ ಎಳೆದು ಕಾಯಿಲ್ ಕಾಯುತ್ತದೆ. ಮನೆಯಲ್ಲಿ ಮಷಿನ್ ಸುಟ್ಟುಹೋಗುವುದು ಹೆಚ್ಚಾಗಿ ಇದರಿಂದಲೇ. ಮಷಿನ್ ಮೈ ಬಿಸಿ ಆದರೆ ಒಂದು ನಿಮಿಷ ಖಾಲಿ ಓಡಿಸಿ, ಒಳಗಿನ ಫ್ಯಾನ್ ತಣ್ಣಗೆ ಮಾಡುತ್ತದೆ. 660 ವಾಟ್ ಅಂದರೆ ಸುಮಾರು 3 ಆಂಪ್ಸ್, ಮನೆಯ ಮಾಮೂಲಿ ಪ್ಲಗ್ ಸಾಕು. ಎಕ್ಸ್‌ಟೆನ್ಷನ್ ವೈರ್ ಸುರುಳಿ ಪೂರ್ತಿ ಬಿಚ್ಚಿ ಬಳಸಿ.

ಕಿಡಿ ಹಾರುವ ಕಡೆ ಕಾರು, ಕಿಟಕಿ ಗಾಜು, ಹೊಸ ಟೈಲ್ಸ್ ಇದ್ದರೆ ಒದ್ದೆ ಗೋಣಿಚೀಲ ಅಡ್ಡ ಹಾಕಿ. ಕಾದ ಕಬ್ಬಿಣದ ಪುಡಿ ಗಾಜಿಗೆ ಅಂಟಿ ಚುಕ್ಕೆ ಬೀಳಿಸುತ್ತದೆ, ಟೈಲ್ಸ್ ಮೇಲೆ ಆಮೇಲೆ ತುಕ್ಕಿನ ಕಲೆ ಏಳುತ್ತದೆ. ಟೈಲ್ಸ್ ಕತ್ತರಿಸೋದು ಮಾತ್ರ ಬಯಲಲ್ಲೇ ಆಗಲಿ, ಆ ಬಿಳಿ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಪ್ರಶ್ನೆ: ಹೊಳಲ್ಕೆರೆ ಹತ್ತಿರ ನಮ್ಮ ಅಡಿಕೆ ತೋಟ. ಇದೇ ಮಷಿನ್‌ಗೆ ಹಲ್ಲಿನ ಬ್ಲೇಡ್ ಹಾಕಿ ಕೊಂಬೆ ಕತ್ತರಿಸಬಹುದಾ? ಮಚ್ಚು, ಕುಡುಗೋಲು ಹರಿತ ಮಾಡಬಹುದಾ ಸರ್?

ಉತ್ತರ: ಹಲ್ಲಿನ ಬ್ಲೇಡ್ ಬೇಡ. ಅಂಗಡಿಯಲ್ಲಿ ಮಾರುತ್ತಾರೆ, ನಿಜ. ಆದರೂ ಬೇಡ. ಹಸಿ ಮರದಲ್ಲಿ ಹಲ್ಲು ಸಿಕ್ಕಿಕೊಂಡ ಕ್ಷಣ ಮಷಿನ್ ಕೈಯಿಂದ ಚಿಮ್ಮಿ ನಿಮ್ಮ ಕಡೆಗೇ ಬರುತ್ತದೆ. ಅದನ್ನು ತಡೆಯುವ ಶಕ್ತಿ ಯಾರ ಕೈಗೂ ಇಲ್ಲ. ಕೊಂಬೆಗೆ ಕೈ ಗರಗಸ ತಗೊಳ್ಳಿ.

ಮಚ್ಚು ಹರಿತ ಮಾಡಬಹುದು, ನಿಧಾನ ಬೇಕು. ಬಾಯಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ ಅರ್ಥ. ಕಮ್ಮಾರರು ಕೊಟ್ಟ ಹದ ಅಲ್ಲಿಗೆ ಹೋಯಿತು, ಆ ಜಾಗ ಬೇಗ ಮೊಂಡಾಗುತ್ತದೆ. 80 ನಂಬರ್ ಫ್ಲ್ಯಾಪ್ ಡಿಸ್ಕ್ ಹಾಕಿ ಹಗುರವಾಗಿ ಒಂದೊಂದೇ ಸಲ ಎಳೆಯಿರಿ, ಪಕ್ಕದಲ್ಲಿ ಬಕೆಟ್ ನೀರಿಟ್ಟು ಆಗಾಗ ಅದ್ದಿ. ಅದ್ದುವಾಗ ಮಷಿನ್ ದೂರ ಇರಲಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಮುರಿದ ಬಾಯಿ ಸರಿ ಮಾಡಲು ಮಾತ್ರ ಮಷಿನ್, ದಿನದ ಹರಿತಕ್ಕೆ ಸಾಣೆಕಲ್ಲು ಸಾಕು. ಕುಡುಗೋಲು ತೆಳು ಇರುತ್ತದೆ, ಕಣ್ಣು ಮಿಟುಕಿಸುವುದರಲ್ಲಿ ಕಾದುಬಿಡುತ್ತದೆ. ಅದನ್ನು ಸಾಣೆಕಲ್ಲಿನಲ್ಲೇ ಮಾಡಿ. ಮತ್ತೆ, ಕಣದಲ್ಲಿ ಮೆಕ್ಕೆಜೋಳದ ಸಪ್ಪೆ, ಹುಲ್ಲಿನ ಬಣವೆ ಇದ್ದರೆ ಅಲ್ಲಿ ಮಷಿನ್ ಹಚ್ಚಲೇಬೇಡಿ. ಬೇಸಿಗೆ ಗಾಳಿಗೆ ಕಿಡಿ ನೀವು ಅಂದುಕೊಂಡಿದ್ದಕ್ಕಿಂತ ದೂರ ಹೋಗುತ್ತದೆ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಆ ಜಾಗದ ಮೇಲೆ ಕಣ್ಣಿಟ್ಟಿರಿ.